ಮನೆಮಗಳಿಗೆ ರಜೆ

ಮನೆಯಿಂದ,
ಮಾರ್ಚ್ ೯, ಭಾನುವಾರ

ಪ್ರೀತಿಯ ತಮ್ಮಾ,

ಬೆನ್ನುನೋವು ಹೇಗಿದೆ? ಡಾಕ್ಟರ ಮಾತನ್ನು ಒಂದು ವಾರವಷ್ಟೇ ಕೇಳುವವನು ನೀನು, ಅದಕ್ಕೇ ಕೇಳುತ್ತಿದ್ದೇನೆ. ಅಮ್ಮನಿಗೆ ಮೊಣಕಾಲು ನೋವು ಇದ್ದದ್ದೇ, ದನಿ ಮಾತ್ರ ಇನ್ನೂ ಬೀದಿಯವರೆಗೆ ಕೇಳಿಸುತ್ತದೆ. ಫೋನ್ ಮಾಡಿದರೆ ಪಕ್ಕದಲ್ಲೇ ಕಿವಿಕೊಟ್ಟು ಕೂರುತ್ತಾಳೆ, ಹಾಗಾಗಿ ಈ ಪತ್ರ.

ಪುಟ್ಟಿ ಕೆಲಸ ಬಿಡುತ್ತಿದ್ದಾಳೆ. ಇಷ್ಟು ವರ್ಷ ನಮ್ಮ ಅಡುಗೆ, ಪಾತ್ರೆ, ಅಮ್ಮನ ಸ್ನಾನ ಎಲ್ಲ ನೋಡಿಕೊಂಡವಳು, ಹೆಚ್ಚುಕಡಿಮೆ ನನ್ನ ವಯಸ್ಸಿನವಳು, ಅಮ್ಮನ ಬಾಯಲ್ಲಿ ಇನ್ನೂ ಪುಟ್ಟಿ. ಹೋಗುತ್ತಿರುವುದು ಹಿಂದಿನ ಬೀದಿಯ ವಕೀಲರ ಮನೆಗೆ, ಅಲ್ಲಿ ಅಡುಗೆಯಷ್ಟೇ, ಭಾನುವಾರ ರಜೆಯಂತೆ. ಮೊದಲು ರಜೆ ಕೇಳಿದ್ದು ಇಲ್ಲೇ. "ಮನೆಮಗಳಿಗೆ ರಜೆ ಎಂಥದೇ?" ಅಂದಳು ಅಮ್ಮ, ನಿಜವಾದ ಅಚ್ಚರಿಯಿಂದ. ಪುಟ್ಟಿ ಸೌಟು ತೊಳೆಯುತ್ತಲೇ ನನ್ನ ಕಡೆ ತಿರುಗಿ, "ಮಗಳಾಗಿದ್ರೆ ನಿಮ್ಮ ಥರ ಕೂತ್ಕೊಂಡು ತಿಂತಿದ್ದೆ, ಅಲ್ವೇನಕ್ಕಾ?" ಎಂದು ನಕ್ಕಳು. ನಾನೂ ನಕ್ಕೆ. ತಟ್ಟೆಯಲ್ಲಿ ಅರ್ಧ ಊಟ ಇತ್ತು.

ಈಗ ಬಂದವರ ಮುಂದೆಲ್ಲ ಅಮ್ಮನದು ಒಂದೇ ಮಾತು: "ಕೈಕೊಟ್ಟು ಹೊರಟಳು." ಹೋದ ವರ್ಷ ನೀನು ಹಳೆಯ ಕಾರ್ಖಾನೆ ಬಿಟ್ಟು ಹೊಸದಕ್ಕೆ ಸೇರಿದಾಗ ಇದೇ ಅಮ್ಮ ಬೀದಿಗೆಲ್ಲ ಸಿಹಿ ಹಂಚಿಸಿದ್ದಳು. ಮನೆಮನೆಗೆ ಹೋಗಿ ಕೊಟ್ಟು ಬಂದವಳು ಪುಟ್ಟಿಯೇ. ನೀನು ಯಾರಿಗೋ ಕೈಕೊಟ್ಟೆ ಎಂದು ನಮಗ್ಯಾರಿಗೂ ಹೊಳೆಯಲಿಲ್ಲ. ಕವಿತೆ ಓದಿ ಓದಿ ಒಂದೊಂದು ಪದಕ್ಕೂ ತಗಲಿಕೊಳ್ಳುತ್ತೀ ಎಂದು ನೀನು ನನ್ನನ್ನು ಗೇಲಿ ಮಾಡುತ್ತೀಯ, ಮಾಡು.

ಅಮ್ಮ ಕೇಡು ಬಯಸುವವಳಲ್ಲ. ವಕೀಲರ ಹೆಂಡತಿ ವಿಚಾರಿಸಲು ಬಂದಾಗ ಬಾಯ್ತುಂಬ ಹೊಗಳಿದಳು. ಕೊನೆಗೆ ಕಣ್ಣೊರೆಸಿಕೊಂಡು, "ಅವಳಿಗೆ ನನ್ನ ಬಿಟ್ಟಿರೋಕಾಗಲ್ಲ. ನೋಡ್ತಿರಿ, ವಾರದೊಳಗೆ ಓಡಿ ಬರ್ತಾಳೆ" ಅಂದಳು. ಆಕೆ ಕಾಫಿ ಲೋಟ ಕೆಳಗಿಟ್ಟರು. ವಾರಕ್ಕೇ ಓಡಿಹೋಗುವವಳನ್ನು ಯಾರು ಇಟ್ಟುಕೊಳ್ಳುತ್ತಾರೆ? "ಮನೇಲಿ ಮಾತಾಡಿ ಹೇಳ್ತೀವಿ" ಎಂದು ಎದ್ದು ಹೋದರು. ಪುಟ್ಟಿ ಲೋಟ ಎತ್ತಿಕೊಂಡು, "ಅಮ್ಮೋರ ಪ್ರೀತಿ ಸ್ವಲ್ಪ ಜಾಸ್ತಿಯಾಯ್ತು" ಅಂದಳು.

ನಿನ್ನ ಹೆಂಡತಿಯನ್ನು ಕೇಳಿದೆನೆಂದು ಹೇಳು, ಮಕ್ಕಳ ಕೆನ್ನೆ ಹಿಂಡು. ಎಲ್ಲರೂ ತಣ್ಣಗಿರಿ.

ನಿನ್ನ ಅಕ್ಕ

ವಿ.ಸೂ.: ವಕೀಲರು ಪುಟ್ಟಿಯ ಬಗ್ಗೆ ಕೇಳಲು ವಾರದ ಕೊನೆಗೆ ನಿನಗೆ ಫೋನ್ ಮಾಡುತ್ತಾರಂತೆ. ಮನೆಯ ಮಗನ ಮಾತೇ ಕೊನೆಯಂತೆ. ಮನೆಮಗಳು, ಋಣ, ಪ್ರೀತಿ ಇಂಥ ಮಾತೇ ತೆಗೆಯಬೇಡ. ಕೆಲಸ ಅಚ್ಚುಕಟ್ಟು, ಇನ್ನೂ ಒಳ್ಳೆಯ ಕೆಲಸ ಸಿಕ್ಕಿದೆ, ಹೋಗುತ್ತಿದ್ದಾಳೆ, ಇಷ್ಟೇ ಹೇಳು. ಮುಗಿಸುತ್ತೇನೆ, ಇದನ್ನು ಅಂಚೆಡಬ್ಬಕ್ಕೆ ಹಾಕಲು ಪುಟ್ಟಿ ಚಪ್ಪಲಿ ಮೆಟ್ಟಿ ನಿಂತಿದ್ದಾಳೆ.