ನೀವೇ ಹೊದಿಸಿದ ಶಾಲು

ಪೂಜ್ಯ ಪ್ರೇಮಕುಮಾರ ಸರ್ ಅವರಿಗೆ,

ರಾಣೆಬೆನ್ನೂರಿನಿಂದ ಸುಚಿತ್ರಾ. ಮರೆತಿದ್ದರೆ ನೆನಪಿಸುತ್ತೇನೆ. ಬ್ಯಾಡಗಿಯ ನಿಮ್ಮ ಕಥಾಕೂಟದಲ್ಲಿ ನಾನು ಕಥೆ ಓದಿ ಮುಗಿಸಿದಾಗ ನೀವು ಕುರ್ಚಿಗೆ ಒರಗಿಕೊಂಡು, "ನಿನ್ನ ಕಥಿ ಒಲಿ ಹಚ್ಚಾಕ ಛಲೋ ಅದಾವ ನೋಡವಾ" ಅಂದಿರಿ. ಎಲ್ಲರೂ ನಕ್ಕರು. ನಾನೂ ನಕ್ಕೆ, ಸರ್. ಆ ನಗು ಇವತ್ತಿಗೂ ಹೊಟ್ಟೆಯಲ್ಲಿ ಉರಿಯುತ್ತಿದೆ. ನಿಮ್ಮ ಬಾಯಿಂದಲೇ ಲೇಖಕಿ ಅನ್ನಿಸದೆ ಬಿಡುವುದಿಲ್ಲವೆಂದು ಅವತ್ತೇ ಹಠ ಹಿಡಿದೆ.

ಮೇಡ್ಲೇರಿಯಲ್ಲಿ ನನ್ನ ಸೋದರಮಾವ ಹೊಳಿಯಪ್ಪ ವರ್ಷವೂ ಊರಿನವರಿಂದ ನಾಟಕ ಆಡಿಸುತ್ತಾನೆ. ಈ ಸಲ ನಾನೇ ಬರೆದುಕೊಡುತ್ತೇನೆ ಎಂದೆ. ಹೆಣ್ಣುಮಗಳೊಬ್ಬಳ ಹಾಡನ್ನು ತುಳಿಯುವ ಗೌಡನ ಕಥೆ. ಗೌಡ ನೀವೇ. ಬಾಯಿ ತುಂಬ ವಿಷ ಬಿಟ್ಟು ಬೇರೇನೂ ನಿಮಗೆ ಕೊಟ್ಟಿರಲಿಲ್ಲ.

ತಾಲೀಮಿನ ಮೊದಲ ದಿನವೇ ನನ್ನ ಜಂಬ ಇಳಿಯಿತು. ಹಾಡುವವಳ ಪಾತ್ರದ ನಾಗಲಕ್ಷ್ಮಿ, "ಅಕ್ಕಾ, 'ದುಃಖತಪ್ತಳಾಗಿ' ಅಂತ ಬರದೀರಿ. ನಾ ಏನು ಮಾಡ್ಲಿ? ನಿಂದ್ರಲೋ, ಕುಂದ್ರಲೋ?" ಎಂದಳು. ಆ ಸಾಲು ಹೊಡೆದುಹಾಕಿ, ಅವಳು ತನ್ನ ತಾಳಗಳನ್ನು ಹರಿದ ಸೆರಗಿನ ತುಂಡಿನಲ್ಲಿ ಸುತ್ತಿ ಹಿಟ್ಟಿನ ಡಬ್ಬಿಯಲ್ಲಿ ಹುಗಿದಿಡುವಂತೆ ಬರೆದೆ.

ಗೌಡನಾಗಿದ್ದ ಕಲ್ಲೇಶ ಇನ್ನೂ ಹಟಮಾರಿ. ಅಲ್ಲಿ ಪಾತ್ರ ಹಿಡಿದವರೇ ನಾಟಕದ ಖರ್ಚು ಹಾಕುತ್ತಾರೆ, ಹಾಗಾಗಿ ಪೊಳ್ಳು ಪಾತ್ರ ಯಾರಿಗೂ ಬೇಡ. "ನಾನೂ ಪಟ್ಟಿ ಕೊಟ್ಟೇನ್ರಿ. ಬರೇ ಬೈದ್ರ ಆಗಂಗಿಲ್ಲ, ಯಾಕ ಬೈತಾನ ಅನ್ನೂದು ಬೇಕು ನನಗ" ಎಂದು ಕೂತುಬಿಟ್ಟ.

ಹಲ್ಲು ಕಚ್ಚಿಕೊಂಡು ನಿಮ್ಮೊಳಗೆ ಹೊಕ್ಕೆ, ಸರ್. ಅವತ್ತು ನಾನು ಓದುವಾಗ ಕೂಟದವರು ಮೈಮರೆತು ಕೇಳುತ್ತಿದ್ದದ್ದು, ಅದನ್ನು ನೋಡಿ ನೀವು ಓದಲು ತಂದಿದ್ದ ನಿಮ್ಮ ಹಾಳೆಗಳನ್ನು ಮಡಚಿ ಜೇಬಿಗಿಟ್ಟದ್ದು ಆಗ ನೆನಪಾಯಿತು. ಗೌಡನಿಗೆ ಬರೆದುಕೊಟ್ಟೆ: "ಆಕಿ ಹಾಡಿದ್ರ ನನ್ನ ಹಾಡು ಯಾರು ಕೇಳ್ತಾರ?"

ನಾಟಕಕ್ಕೆ ನಿಮ್ಮನ್ನೇ ಅತಿಥಿಯಾಗಿ ಕರೆಸಿದೆ. ಬರೆದವರ ಹೆಸರು ಹೇಳಬೇಡವೆಂದು ಮಾವನಿಗೆ ತಾಕೀತು ಮಾಡಿದ್ದೆ. ಕಲ್ಲೇಶ, "ನಿನ್ನ ಹಾಡು ಒಲಿ ಹಚ್ಚಾಕ ಛಲೋ ಅದಾವ ನೋಡವಾ" ಎಂದಾಗ ಜನ ಥೂ ಎಂದರು. ನೀವೂ ಎಂದಿರಿ! ನಿಮ್ಮ ಮಾತು ನಿಮಗೇ ನೆನಪಿರಲಿಲ್ಲ. ಮೆಚ್ಚಿದ ನಟರಿಗೆ ಜನ ಬಟ್ಟೆ, ದುಡ್ಡು ಕೊಟ್ಟು ಆಯಾರ ಮಾಡುವ ಹೊತ್ತಿಗೆ ನೀವೂ ರಂಗ ಹತ್ತಿ ಕಲ್ಲೇಶನಿಗೆ ಶಾಲು ಹೊದಿಸಿದಿರಿ. ಮೈಕ್ ಹಿಡಿದು, "ಇಂಥಾ ನೀಚನ್ನ ಇಷ್ಟು ಖರೇ ಬರದಾಂವ ದೊಡ್ಡ ಲೇಖಕ" ಎಂದಿರಿ. ಪರದೆಯ ಮರೆಯಲ್ಲಿ ನಾನು ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆ.

ಆಮೇಲೆ ಹಳೆಯ ಕಥೆಗಳನ್ನೆಲ್ಲ ತಿರುಗಿ ಬರೆದೆ. ದುಃಖ ಬಂದಲ್ಲೆಲ್ಲ ನಾಗಲಕ್ಷ್ಮಿ, ಕೆಟ್ಟವರು ಬಂದಲ್ಲೆಲ್ಲ ಕಲ್ಲೇಶ ಮನಸ್ಸಿನಲ್ಲೇ ಎದುರು ನಿಂತು ಅದದೇ ಪ್ರಶ್ನೆ ಕೇಳಿದರು. ಪುಟಗಟ್ಟಲೆ ಗೋಳಾಡುತ್ತಿದ್ದ ನಾನು ಬಾಯಿ ಮುಚ್ಚಿಕೊಂಡೆ, ನನ್ನ ಕಥೆಯ ಜನ ಮಾತಾಡಿದರು.

ಪುಸ್ತಕವನ್ನು ಇದರೊಂದಿಗೆ ಕಳಿಸಿದ್ದೇನೆ. ನೀವು ಒಲೆಗೆ ಹಾಕೆಂದ ಕಥೆಯೇ ಮೊದಲನೆಯದು, ಕೊನೆಗೆ ಆ ನಾಟಕವಿದೆ. ಹಿಂಬದಿಯ ಹೊದಿಕೆಯಲ್ಲಿ ನೀವು ಮೈಕಿನಲ್ಲಿ ಆಡಿದ ಮಾತನ್ನು ನಿಮ್ಮ ಹೆಸರಿನೊಂದಿಗೆ ಅಚ್ಚು ಹಾಕಿಸಿದ್ದೇನೆ. ಭಾನುವಾರ ಹಾವೇರಿಯಲ್ಲಿ ಬಿಡುಗಡೆ. ಕಥಾಕೂಟದವರೆಲ್ಲ ಬರುತ್ತಾರೆ. ಒಲೆಯ ಮಾತು ಅವರಾರೂ ಮರೆತಿಲ್ಲ.

ನಿಮ್ಮನ್ನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಆದರೂ ನೂರು ವರ್ಷ ಗಟ್ಟಿಮುಟ್ಟಾಗಿ ಬಾಳಿರಿ ಸರ್. ಮುಂದಿನ ವರ್ಷದ ನಾಟಕಕ್ಕೂ ನನಗೊಬ್ಬ ಗೌಡ ಬೇಕು.

ನಿಮ್ಮನ್ನು ಬರೆದವಳು,
ಸುಚಿತ್ರಾ