ಮೊಳೆ ಹೊಡೆದ ಎತ್ತರ

ಅಕ್ಕಾ,

ನಮ್ಮ ಲೈಬ್ರರಿಗೆ ಕೊನೆಗೂ ಸರ್ಟಿಫಿಕೇಟು ಬಂತು. ಗಾಲಿಕುರ್ಚಿಯವರು ಯಾರ ಹಂಗೂ ಇಲ್ಲದೆ ಓಡಾಡಬಹುದಾದ ಕಟ್ಟಡವೆಂದು ಸರ್ಕಾರವೇ ಮೊಹರು ಒತ್ತಿದೆ. ಅದಕ್ಕಾಗಿ ಅಲೆದಲೆದು ನನಗೆ ಖುಷಿಪಡುವಷ್ಟು ತ್ರಾಣವೂ ಉಳಿದಿಲ್ಲ.

ತಪಾಸಣೆಗೆ ಬಂದ ಇಂಜಿನಿಯರು ಇಳಿಜಾರು, ಬಾಗಿಲು, ಶೌಚಾಲಯ ಎಲ್ಲ ಅಳೆದು, "ಒಂದು ಗಾಲಿಕುರ್ಚಿ ತರಿಸಿ, ಓಡಿಸಿ ನೋಡೋಣ" ಎಂದಿದ್ದರು. ನೀನು ಹೋದಮೇಲೆ ಅಟ್ಟ ಸೇರಿದ್ದ ನಿನ್ನ ಕುರ್ಚಿಯನ್ನೇ ಇಳಿಸಿ ತಂದೆ. ಅವರೇ ಕೂತು ಒಂದು ಸುತ್ತು ಹೊಡೆದರು.

"ಇದು ಎಡಕ್ಕೆ ಎಳೆಯುತ್ತಲ್ಲ ಮೇಡಂ?"

"ಗೊತ್ತು ಸಾರ್."

ಇವತ್ತು ನಮ್ಮ ಜವಾನ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ತಂದು, ಸ್ಟೂಲು ಹತ್ತಿ, ಗೋಡೆಯ ತುದಿಯಲ್ಲಿ ಮೊಳೆ ಹೊಡೆದು ತೂಗುಹಾಕಿದ. ನಾನು ನಿನ್ನ ಕುರ್ಚಿಯಲ್ಲಿ ಕೂತು ನೋಡಿದೆ. ಕತ್ತು ನೋವು ಬಂತೇ ಹೊರತು ಒಂದಕ್ಷರ ಕಾಣಲಿಲ್ಲ.

"ಕೆಳಗಿಳಿಸಪ್ಪಾ. ಇನ್ನೂ ಕೆಳಗೆ."

"ಅಷ್ಟು ಕೆಳಗೆ ಹಾಕಿದ್ರೆ ಯಾರಿಗೆ ಕಾಣುತ್ತೆ ಮೇಡಂ?"

ನನಗೆ ವಾದಿಸಲು ಶಕ್ತಿಯಿರಲಿಲ್ಲ. ಬೆರಳಿಟ್ಟು ಜಾಗ ತೋರಿಸಿದೆ. ಈಗ ನಾನೇ ಓದಬೇಕೆಂದರೂ ಬಗ್ಗಬೇಕು.

ನಾನು ಪುಸ್ತಕ ಆರಿಸಿ ತರುವ ತನಕ ನೀನು ಮೆಟ್ಟಿಲ ಕೆಳಗೆ ಬಿಸಿಲಲ್ಲಿ ಕಾಯುತ್ತಿದ್ದೆಯಲ್ಲ, ಇಳಿಜಾರು ಅಲ್ಲಿಂದಲೇ ಶುರುವಾಗುತ್ತದೆ. ಸಂಜೆ ಬೀಗ ಹಾಕುವಾಗ ಜವಾನ, "ಕುರ್ಚಿ ಮನೆಗೆ ಒಯ್ಯಲ್ವಾ?" ಎಂದು ಕೇಳಿದ.

ಇಲ್ಲ ಅಕ್ಕಾ, ಒಳಗೇ ಬಿಟ್ಟು ಬಂದೆ.