ತಾರಕ್ಕನ ಕೆನ್ನೆ

ಚಾಂದ್‌ಖೇಡಾ, ಅಹಮದಾಬಾದ್
ಫೆಬ್ರುವರಿ 12, 2025

ಪ್ರೀತಿಯ ತಾರಕ್ಕನಿಗೆ, ಮುಖ ತೋರಿಸುವ ಧೈರ್ಯವಿಲ್ಲದ ತಂಗಿಯ ನಮಸ್ಕಾರಗಳು.

ನಾಲ್ಕು ದಿನದಿಂದ ನೀನು ಫೋನ್ ಎತ್ತುತ್ತಿಲ್ಲ. ಎತ್ತಿದ್ದರೂ ನಾನು ಬಾಯಿಗೆ ಬಂದ ಸುಳ್ಳು ಹೇಳಿ ಜಾರಿಕೊಳ್ಳುತ್ತಿದ್ದೆ, ಅದಕ್ಕೇ ಕಾಗದ. ಗೋರ್ವಾದ ನಿನ್ನ ಮನೆಗೆ ಕೊರಿಯರ್ ನಾಳೆ ತಲುಪುತ್ತದಂತೆ. ಹರಿದು ಹಾಕುವ ಮೊದಲು ಒಮ್ಮೆ ಓದು.

ಶನಿವಾರ ನಮ್ಮ ಲ್ಯಾಬಿನ ಪ್ರದರ್ಶನಕ್ಕೆ ನಿನ್ನನ್ನು ಕರೆದವಳು ನಾನೇ. ತಂಗಿಯ ಪಿಎಚ್‌ಡಿ ಕೆಲಸ ನೋಡಬೇಕೆಂದು ನೀನು ಬೆಳಗಿನ ರೈಲು ಹಿಡಿದು, ಡಬ್ಬಿಯಲ್ಲಿ ನೀರುದೋಸೆ ಕಟ್ಟಿಕೊಂಡು ಬಂದೆ. ನಾನು ನಿನ್ನನ್ನು ಒಂದು ಮಾತೂ ಕೇಳದೆ ನಿನ್ನ ಫೋಟೋವನ್ನೇ ಎಲ್ಲರೆದುರು ಕಳಿಸಿ ತೋರಿಸಿದೆ.

ಕೆಲಸವೇನೆಂದು ಅಂದು ಸರಿಯಾಗಿ ಹೇಳಲಿಲ್ಲ. ತಂತಿಯಿಲ್ಲದೆ ಗಾಳಿಯಲ್ಲಿ ಚಿತ್ರ ಕಳಿಸುವಾಗ ದಾರಿಯಲ್ಲಿ ಬೇರೆ ಸಿಗ್ನಲ್‌ಗಳ ಗದ್ದಲ ಸೇರಿ ಅದು ಕೆಡುತ್ತದೆ. ಹಳೆಯ ಪದ್ಧತಿಯಲ್ಲಿ ಮೊದಲು ಚಿತ್ರವನ್ನು ಕುಗ್ಗಿಸುತ್ತಾರೆ, ಆಮೇಲೆ ಬೇರೆಯಾಗಿ ಅದಕ್ಕೆ ರಕ್ಷಣೆ ಕೊಡುತ್ತಾರೆ. ಗದ್ದಲ ಮಿತಿ ದಾಟಿತೋ, ಇಡೀ ಚಿತ್ರವೇ ಹೋಯಿತು. ನಮ್ಮದರಲ್ಲಿ ಎರಡನ್ನೂ ಒಂದೇ ಯಂತ್ರ ಒಟ್ಟಿಗೆ ಮಾಡುತ್ತದೆ, ಸಾವಿರಾರು ಫೋಟೋ ನೋಡಿ ಕಲಿತು. ಗದ್ದಲ ಎಷ್ಟಿದ್ದರೂ ಒಂದು ಚಿತ್ರವಂತೂ ಬರುತ್ತದೆ. ಆದರೆ ಕಾಣದ ಜಾಗವನ್ನು ಅದು ಊಹಿಸಿ ತುಂಬುತ್ತದೆ, ತಾನು ಹೆಚ್ಚಾಗಿ ಕಂಡದ್ದನ್ನೇ ತುಂಬುತ್ತದೆ. ನಿನ್ನ ಕೆನ್ನೆಯ ತೊನ್ನಿನಂಥದ್ದನ್ನು ಅದು ಕಂಡಿರಲಿಲ್ಲ. ಪರದೆಯ ಮೇಲೆ ಬಂದ ತಾರಕ್ಕನ ಕೆನ್ನೆ ಪೂರ್ತಿ ಒಂದೇ ಬಣ್ಣ.

ಜನ ಚಪ್ಪಾಳೆ ಹೊಡೆದರು. ನಮ್ಮ ಸರ್ ಏಕ್‌ದಮ್ ಸರಸ್, ಬಹಳ ಚೆನ್ನಾಗಿದೆ ಎಂದರು. ನೀನು ಮಾತ್ರ ನನ್ನ ಕಿವಿಯ ಹತ್ತಿರ ಬಂದು, ಇದ್ಯಾರು ಮಾರಾಯ್ತಿ ಎಂದು ಕೇಳಿದೆ. ನೀನೇ ಅಕ್ಕ, ಬೆಳಕಿಗೆ ಹಾಗೆ ಕಾಣ್ತದೆ ಎಂದುಬಿಟ್ಟೆ. ಥೂ, ನನ್ನ ಬಾಯಿಗಿಷ್ಟು! ಹಿಂದಿನ ದಿನ ಪರೀಕ್ಷೆ ಮಾಡುವಾಗಲೇ ನನಗೆ ಗೊತ್ತಾಗಿತ್ತು. ಚಿತ್ರ ಎಷ್ಟು ಸರಿ ಬಂತೆಂದು ಅಳೆಯುವ ಅಂಕಿ ಚೆನ್ನಾಗಿ ಬಂದಿತ್ತು, ನೋಡಲೂ ಚಂದವಿತ್ತು, ಸುಮ್ಮನಿದ್ದೆ. ನೀನು ಊಟವನ್ನೂ ಮಾಡದೆ ಮಣಿನಗರಕ್ಕೆ ಹೋಗಿ ರೈಲು ಹತ್ತಿದೆ.

ಗಂಡಿನವರು ನೋಡಲು ಬಂದಾಗ ಅಮ್ಮ ನಿನ್ನ ಕೆನ್ನೆಗೆ ಪೌಡರ್ ಬಳಿದದ್ದು ನೆನಪಿದೆಯಾ? ಅಕ್ಕ ಇದ್ದ ಹಾಗೇ ಇರಲಿ ಎಂದು ಅಮ್ಮನ ಕೈಯಿಂದ ಡಬ್ಬಿ ಕಿತ್ತುಕೊಂಡು ಜಗಳವಾಡಿದವಳು ನಾನು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ! ನನ್ನ ಮೇಲೆ ನನಗೇ ಅಸಹ್ಯವಾಗಿದೆ ಅಕ್ಕ.

ನಮ್ಮ ಪ್ರಬಂಧ ಈ ಶುಕ್ರವಾರ ಹೋಗಬೇಕಿತ್ತು. ಅದರ ಮೊದಲ ಪುಟದಲ್ಲೇ ನಿನ್ನ ಆ ಚಿತ್ರ. ನಿನ್ನೆ ಸರ್‌ಗೆ ವಿಷಯ ಹೇಳಿ ಪ್ರಬಂಧವನ್ನೇ ತಡೆದೆ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ ಎಂದು ಅವರು ಮುಖ ಗಂಟು ಹಾಕಿಕೊಂಡರು. ಆರು ತಿಂಗಳ ಕೆಲಸ ಹಿಂದೆ ಬಿತ್ತು. ಬೀಳಲಿ. ನನಗೆ ನೀನು ಬೇಕು. ಬೈಯಲಾದರೂ ಒಮ್ಮೆ ಫೋನ್ ಎತ್ತು.

ಕ್ಷಮೆ ಕೇಳಲೂ ನಾಚುತ್ತಿರುವ ನಿನ್ನ
ಮೇದಿನಿ

ತಾ.ಕ.: ಯಂತ್ರ ಕಂಡಿರಲಿಲ್ಲ ಎಂದು ಬರೆದೆನಲ್ಲ, ತಪ್ಪನ್ನು ಅದರ ತಲೆಗೆ ಕಟ್ಟಿದೆ. ಅದಕ್ಕೆ ಕಲಿಸಲು ಮನೆಯ ಫೋಟೋಗಳನ್ನೂ ಒಟ್ಟು ಮಾಡಿದ್ದೆ. ನಿನ್ನವು ಅರವತ್ತೆರಡು ಇದ್ದವು. ಒಂದೊಂದನ್ನೇ ಆರಿಸಿ ಹೊರಗಿಟ್ಟವಳು ನಾನು. ಸರ್‌ಗೂ ಇದನ್ನು ಹೇಳಿಲ್ಲ. ಆ ಫೋಲ್ಡರಿಗೆ ನಾನಿಟ್ಟ ಹೆಸರು ‘ಹಾಳಾದವು’.